ಶಾಲೆಯ ಶಿಸ್ತು ಮತ್ತು ಮಕ್ಕಳ ಸುರಕ್ಷತೆ: ಗ್ರಾಮ ಪಂಚಾಯಿತಿ ಸದಸ್ಯರ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

1. ಪಾಠದ ಉದ್ದೇಶ

ಸರ್ಕಾರಿ ಶಾಲೆಯ ವಿಷಯವು ಗ್ರಾಮ ಪಂಚಾಯಿತಿಯ ಸಭೆಗೆ ಬಂದಾಗ ಸಾಮಾನ್ಯವಾಗಿ ಚರ್ಚೆಗೆ ಒಳಗಾಗುವುದು ಕೊಠಡಿ, ಕಾಂಪೌಂಡ್, ಶೌಚಾಲಯ ಮತ್ತು ಕುಡಿಯುವ ನೀರು. ಶಿಸ್ತಿನ ಮಾತು ಬಂದರೆ ಅದು ಶಿಕ್ಷಕರಿಗೆ ಬಿಟ್ಟದ್ದೆಂದೂ, ಸುರಕ್ಷತೆಯ ಮಾತು ಬಂದರೆ ಅದು ಎಂಜಿನಿಯರರಿಗೆ ಬಿಟ್ಟದ್ದೆಂದೂ ಭಾವಿಸುವುದು ರೂಢಿಯಾಗಿದೆ. ವಾಸ್ತವದಲ್ಲಿ ಇವೆರಡೂ ಬೇರೆ ಬೇರೆ ವಿಷಯಗಳಲ್ಲ. ಮಗುವು ತನಗಾದ ತೊಂದರೆಯನ್ನು, ತನ್ನ ಕಣ್ಣಿಗೆ ಬಿದ್ದ ಅಪಾಯವನ್ನು ಹಿರಿಯರ ಮುಂದೆ ಹೆದರದೆ ಹೇಳಬಲ್ಲ ಶಾಲೆಯಲ್ಲಿ ಶಿಸ್ತೂ ಇರುತ್ತದೆ, ಸುರಕ್ಷತೆಯೂ ಇರುತ್ತದೆ. ಮಗು ಬಾಯಿ ಮುಚ್ಚಿಕೊಂಡಿರುವುದನ್ನೇ ಶಿಸ್ತೆಂದು ತಿಳಿದ ಶಾಲೆಯಲ್ಲಿ ಅಪಾಯವು ದೊಡ್ಡದಾಗುವವರೆಗೆ ಯಾರ ಗಮನಕ್ಕೂ ಬರುವುದಿಲ್ಲ. ಈ ಒಂದು ಅಂಶವನ್ನು ಸದಸ್ಯರು ಮನಗಂಡು, ತಮ್ಮ ವ್ಯಾಪ್ತಿಯ ಶಾಲೆಗಳಲ್ಲಿ ಅದನ್ನು ಆಚರಣೆಗೆ ತರಲು ನೆರವಾಗುವುದೇ ಪ್ರಸ್ತುತ ಪಾಠದ ಉದ್ದೇಶ.

2. ಹಳೆಯ ಬೆಂಗಳೂರು ಕಲಿಸುವ ಪಾಠ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳು ನಗರದ ನಡುವೆ ಇರುವ ಬಡಾವಣೆಗಳು. ಅಲ್ಲಿನ ಶಾಲೆಗಳು ಗ್ರಾಮ ಪಂಚಾಯಿತಿಯ ವ್ಯಾಪ್ತಿಗೆ ಬರುವುದಿಲ್ಲ. ಆದರೂ ಆ ಬಡಾವಣೆಗಳ ಇತಿಹಾಸದಿಂದ ಗ್ರಾಮಗಳು ಕಲಿಯಬೇಕಾದ ಮೂರು ಸಂಗತಿಗಳಿವೆ.

ಮೊದಲನೆಯದು, ಸುರಕ್ಷತೆಯನ್ನು ಮುಂಚಿತವಾಗಿ ಯೋಜಿಸಬೇಕೆಂಬುದು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಹಳೆಯ ಪೇಟೆಯ ಇಕ್ಕಟ್ಟಾದ ಮನೆಗಳಲ್ಲಿ ಜನರು ಅಪಾರ ಕಷ್ಟನಷ್ಟಗಳಿಗೆ ಗುರಿಯಾದರು. ಆ ಅನುಭವದ ಬೆನ್ನಿಗೆ ರೂಪುಗೊಂಡ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳಲ್ಲಿ ಅಗಲವಾದ ರಸ್ತೆ, ಗಾಳಿ ಬೆಳಕು ಮತ್ತು ನೈರ್ಮಲ್ಯಕ್ಕೆ ಮೊದಲೇ ಜಾಗ ಬಿಡಲಾಯಿತು. ಅನಾಹುತವಾದ ಮೇಲೆ ಪರಿಹಾರ ಕೊಡುವುದು ಒಂದು ಬಗೆಯ ಆಡಳಿತ. ಅನಾಹುತಕ್ಕೆ ಎಡೆಯಿಲ್ಲದಂತೆ ಮೊದಲೇ ಅಳತೆ ಹಾಕುವುದು ಇನ್ನೊಂದು ಬಗೆಯ ಆಡಳಿತ. ಶಾಲೆಯ ವಿಷಯದಲ್ಲಿ ಪಂಚಾಯಿತಿಗೆ ಬೇಕಾದುದು ಎರಡನೆಯದು.

ಎರಡನೆಯದು, ಹಿರಿಯರ ಸನ್ನಿಧಿಯೇ ಶಿಸ್ತಿನ ಮೂಲವೆಂಬುದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ 1920ರಲ್ಲಿ ಜನಿಸಿದ ಎಚ್. ನರಸಿಂಹಯ್ಯನವರು 1935ರಲ್ಲಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಲು ಊರಿನಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದರು. ಮುಂದೆ ಅವರು ನ್ಯಾಷನಲ್ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರಾಗಿ, ಪ್ರಾಂಶುಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ಸೇವೆ ಸಲ್ಲಿಸಿದರು. ಇಷ್ಟೆಲ್ಲ ಹುದ್ದೆಗಳನ್ನು ಕಂಡರೂ ಅವರ ವಾಸ ವಿದ್ಯಾರ್ಥಿನಿಲಯದ ಸರಳ ಕೊಠಡಿಯಲ್ಲಿಯೇ ಇತ್ತು. ವಿದ್ಯಾರ್ಥಿಗಳ ನಡುವೆಯೇ ಬದುಕುವ ಹಿರಿಯರೊಬ್ಬರಿದ್ದಲ್ಲಿ ಶಿಸ್ತಿಗೆ ಬೆತ್ತದ ಅಗತ್ಯ ಬೀಳುವುದಿಲ್ಲವೆಂಬುದಕ್ಕೆ ಅವರ ಬದುಕು ನಿದರ್ಶನ. ಅವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಸ್ಥಾಪಿಸಿ, ಯಾವುದನ್ನೂ ಪ್ರಶ್ನಿಸದೆ ಒಪ್ಪಬಾರದೆಂಬ ಮನೋಭಾವವನ್ನು ಯುವಜನರಲ್ಲಿ ಬೆಳೆಸಲು ಜೀವನಪೂರ್ತಿ ದುಡಿದರು. ಅವರ ದೃಷ್ಟಿಯಲ್ಲಿ ಪ್ರಶ್ನೆ ಕೇಳುವ ವಿದ್ಯಾರ್ಥಿ ಅಶಿಸ್ತಿನವನಾಗಿರಲಿಲ್ಲ.

ಮೂರನೆಯದು, ಮಕ್ಕಳಿಗೂ ಒಂದು ವೇದಿಕೆ ಬೇಕೆಂಬುದು. ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮನವರು ಸ್ವಾತಂತ್ರ್ಯಪೂರ್ವದಲ್ಲಿಯೇ ಮಕ್ಕಳ ಕೂಟವನ್ನು ಆರಂಭಿಸಿ, ಮಕ್ಕಳು ಸೇರಿ ಆಡಲು, ಹಾಡಲು, ಮಾತನಾಡಲು ಅವಕಾಶ ಕಲ್ಪಿಸಿದರು. ಮಕ್ಕಳ ಮಾತಿಗೆ ಬೆಲೆಯಿಲ್ಲವೆಂದು ಸಮಾಜ ನಂಬಿದ್ದ ಕಾಲದಲ್ಲಿ ಅದೊಂದು ದೊಡ್ಡ ಹೆಜ್ಜೆ. ಇಂದು ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮ ಸಭೆಯು ಅದೇ ಆಶಯವನ್ನು ಆಡಳಿತದ ಅಂಗವಾಗಿ ಮುಂದುವರಿಸುತ್ತಿದೆ.

ಮುನ್ಯೋಜನೆ, ಹಿರಿಯರ ಸನ್ನಿಧಿ, ಮಕ್ಕಳ ಮಾತಿಗೆ ವೇದಿಕೆ: ಈ ಮೂರರ ಆಧಾರದ ಮೇಲೆ ಮುಂದಿನ ಭಾಗಗಳನ್ನು ಓದತಕ್ಕದ್ದು.

3. ಭಯದ ಶಿಸ್ತು ಏಕೆ ಅಪಾಯಕಾರಿ

ಹಳೆಯ ಕೂಲಿಮಠಗಳಲ್ಲಿ ಬಸ್ಕಿ, ಕೋದಂಡ, ಮೊಣಕಾಲೂರಿ ನಿಲ್ಲಿಸುವುದು ಮುಂತಾದ ಶಿಕ್ಷೆಗಳಿದ್ದವು. 'ಛಡಿ ಛಂ ಛಂ, ವಿದ್ಯೆ ಘಂ ಘಂ' ಎಂಬ ಮಾತು ಈಗಲೂ ಹಿರಿಯರ ಬಾಯಲ್ಲಿ ಕೇಳಿಬರುತ್ತದೆ. ಏಟು ತಿಂದೇ ತಾವು ಬುದ್ಧಿವಂತರಾದೆವೆಂದು ಹೇಳುವವರೂ ಇದ್ದಾರೆ. ಆದರೆ ಏಟಿಗೆ ಹೆದರಿ ಮೂರನೆಯ ತರಗತಿಗೇ ಶಾಲೆ ಬಿಟ್ಟವರು ಆ ಮಾತನ್ನು ಹೇಳಲು ಸಭೆಯಲ್ಲಿ ಇರುವುದಿಲ್ಲ. ಅವರ ಅನುಭವ ಲೆಕ್ಕಕ್ಕೆ ಸೇರುವುದೂ ಇಲ್ಲ.

ಭಯದಿಂದ ಬಂದ ಮೌನವು ಮಗುವಿಗೆ ಎಂತಹ ಹಾನಿ ತರಬಲ್ಲದೆಂಬುದಕ್ಕೆ ಎರಡು ಘಟನೆಗಳನ್ನು ಪರಿಶೀಲಿಸಬಹುದು.

2013ರ ಜುಲೈ 16ರಂದು ಬಿಹಾರ ರಾಜ್ಯದ ಸಾರಣ್ ಜಿಲ್ಲೆಯ ಗ್ರಾಮವೊಂದರ ಸರ್ಕಾರಿ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ ಮಕ್ಕಳ ಪೈಕಿ 23 ಮಕ್ಕಳು ಮೃತಪಟ್ಟರು. ಅಡುಗೆಗೆ ಬಳಸಿದ ಎಣ್ಣೆಯಲ್ಲಿ ಮಾನೊಕ್ರೊಟೊಫಾಸ್ ಎಂಬ ಕೀಟನಾಶಕ ಸೇರಿತ್ತು. ಎಣ್ಣೆಯ ಬಗ್ಗೆ ಅಡುಗೆಯವರು ಸಂಶಯಪಟ್ಟಿದ್ದರೆಂದೂ, ಊಟದ ರುಚಿ ಸರಿಯಿಲ್ಲವೆಂದು ಮಕ್ಕಳು ಹೇಳಿದ್ದರೆಂದೂ ಆಗ ವರದಿಯಾಗಿತ್ತು. ಆ ಮಾತಿಗೆ ಅಲ್ಲಿಯೇ ಕಿವಿಗೊಟ್ಟು ಬಡಿಸುವುದನ್ನು ನಿಲ್ಲಿಸಿದ್ದರೆ ಜೀವಗಳು ಉಳಿಯುತ್ತಿದ್ದವು. ಊಟದ ಸಾಲಿನಲ್ಲಿ ಮಾತಿಲ್ಲದೆ ಕುಳಿತು ತಟ್ಟೆ ಖಾಲಿ ಮಾಡುವುದು ಶಿಸ್ತೆನಿಸಬಹುದು. ಆದರೆ 'ಇದು ವಾಸನೆ ಬರುತ್ತಿದೆ' ಎಂದು ಹೇಳುವ ಮಗುವೇ ಇಡೀ ಸಾಲನ್ನು ಕಾಪಾಡಬಲ್ಲದು.

ಎರಡನೆಯ ಘಟನೆ ನಮ್ಮ ರಾಜ್ಯದ್ದು. ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯೊಂದರಲ್ಲಿ ವಿದ್ಯಾರ್ಥಿಗಳನ್ನು ಶೌಚಗುಂಡಿಗೆ ಇಳಿಸಿ ಸ್ವಚ್ಛಗೊಳಿಸಿದ ಪ್ರಕರಣವು 2023ರ ಡಿಸೆಂಬರಿನಲ್ಲಿ ಬೆಳಕಿಗೆ ಬಂದಿತು. ಅದೇ ತಿಂಗಳು ಬೆಂಗಳೂರಿನ ಅಂದ್ರಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮಕ್ಕಳಿಂದ ಶೌಚಾಲಯ ತೊಳೆಸಿದ ಪ್ರಕರಣವೂ ಹೊರಬಂದಿತು. ಎರಡೂ ಪ್ರಕರಣಗಳಲ್ಲಿ ಪೊಲೀಸ್ ಮತ್ತು ಇಲಾಖಾ ಕ್ರಮಗಳು ಜರುಗಿದವು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಇಂತಹ ಸಂಗತಿಗಳು ಬಹುತೇಕ ವಿಡಿಯೊ ಹರಿದಾಡಿದ ನಂತರ ಅಥವಾ ಪೋಷಕರು ಪ್ರತಿಭಟಿಸಿದ ನಂತರವೇ ಹೊರಬರುತ್ತವೆ. ಶಾಲೆಯೊಳಗೆ ಮಗುವಿನ ದೂರನ್ನು ಕೇಳುವ ಸ್ಥಳವಿದ್ದಿದ್ದರೆ ಮೊದಲ ದಿನವೇ ಅದು ತಿಳಿಯುತ್ತಿತ್ತು. ಗುಂಡಿಗೆ ಇಳಿಯೆಂದಾಗ ಇಳಿಯುವ ಮಗು ವಿಧೇಯ ಮಗುವಲ್ಲ, ಅಸಹಾಯಕ ಮಗು. ಶೌಚಗುಂಡಿಯ ವಿಷಾನಿಲದಿಂದ ದೊಡ್ಡವರೇ ಪ್ರಾಣ ಕಳೆದುಕೊಂಡ ಉದಾಹರಣೆಗಳು ಎಷ್ಟೋ ಇವೆ.

4. ಕಾನೂನು ಏನು ಹೇಳುತ್ತದೆ

ಸದಸ್ಯರು ಕಾನೂನಿನ ಎಲ್ಲ ಕಲಮುಗಳನ್ನು ಕಂಠಪಾಠ ಮಾಡಬೇಕಿಲ್ಲ. ಕೆಳಗಿನ ಅಂಶಗಳನ್ನು ತಿಳಿದಿದ್ದರೆ ಸಾಕು.

(ಅ) ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009: ಇದು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಇದರ 17ನೆಯ ಪ್ರಕರಣದ ಪ್ರಕಾರ ಯಾವ ಮಗುವನ್ನೂ ದೈಹಿಕ ಶಿಕ್ಷೆಗೆ ಅಥವಾ ಮಾನಸಿಕ ಕಿರುಕುಳಕ್ಕೆ ಒಳಪಡಿಸುವಂತಿಲ್ಲ. ಉಲ್ಲಂಘಿಸಿದವರು ಸೇವಾ ನಿಯಮಗಳ ಅನ್ವಯ ಶಿಸ್ತುಕ್ರಮಕ್ಕೆ ಗುರಿಯಾಗುತ್ತಾರೆ. ಜಾತಿ ಹಿಡಿದು ಹೀಯಾಳಿಸುವುದು, ತಂದೆತಾಯಿಯರ ಕೆಲಸವನ್ನು ಎತ್ತಿ ಅವಮಾನಿಸುವುದು, ತರಗತಿಯ ಮುಂದೆ ಅಡ್ಡಹೆಸರಿಡುವುದು ಇವೆಲ್ಲವೂ ಕಿರುಕುಳವೇ. ಪೋಷಕರೇ ಬಂದು 'ಹೊಡೆದು ಬುದ್ಧಿ ಕಲಿಸಿ' ಎಂದು ಒಪ್ಪಿಗೆ ಕೊಟ್ಟರೂ ಶಿಕ್ಷಕರಿಗೆ ಹೊಡೆಯುವ ಅಧಿಕಾರ ಬರುವುದಿಲ್ಲ.

(ಆ) ಅದೇ ಅಧಿನಿಯಮದ 32ನೆಯ ಪ್ರಕರಣದ ಪ್ರಕಾರ, ಮಗುವಿನ ಹಕ್ಕಿಗೆ ಸಂಬಂಧಿಸಿದ ಕುಂದುಕೊರತೆಯನ್ನು ಯಾರೇ ಆಗಲಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತವಾಗಿ ಸಲ್ಲಿಸಬಹುದು. ಪ್ರಾಧಿಕಾರವು ಸಂಬಂಧಪಟ್ಟವರ ಅಹವಾಲು ಕೇಳಿ 3 ತಿಂಗಳೊಳಗೆ ತೀರ್ಮಾನಿಸತಕ್ಕದ್ದು. ತೀರ್ಮಾನದಿಂದ ತೃಪ್ತರಾಗದವರು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು.

(ಇ) ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ಅಧಿನಿಯಮ, 2012 (ಪೋಕ್ಸೊ): ಇದರ 19ನೆಯ ಪ್ರಕರಣದಂತೆ ಇಂತಹ ಅಪರಾಧ ನಡೆದಿದೆಯೆಂದು ಅಥವಾ ನಡೆಯುವ ಸಂಭವವಿದೆಯೆಂದು ತಿಳಿದ ಪ್ರತಿಯೊಬ್ಬರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದೇ 21ನೆಯ ಪ್ರಕರಣದಡಿ ಅಪರಾಧ. ಈ ಹೊಣೆಯಿಂದ ಚುನಾಯಿತ ಸದಸ್ಯರು ಹೊರತಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಊರಿನ ಮಾನ, ಮನೆತನದ ಮರ್ಯಾದೆ, ಶಾಲೆಯ ಹೆಸರು ಮುಂತಾದ ಕಾರಣಗಳನ್ನು ಮುಂದಿಟ್ಟು ಇಂತಹ ಪ್ರಕರಣಗಳನ್ನು ಅರಳಿಕಟ್ಟೆಯಲ್ಲಿ 'ರಾಜಿ' ಮಾಡಿ ಮುಗಿಸುವ ಪ್ರಯತ್ನಗಳು ಕೆಲವೆಡೆ ನಡೆಯುತ್ತವೆ. ಸದಸ್ಯರು ಅಂತಹ ಮಾತುಕತೆಗೆ ಮಧ್ಯಸ್ಥರಾಗಬಾರದು, ಸಾಕ್ಷಿಯಾಗಬಾರದು, ಮೌನ ಸಮ್ಮತಿಯನ್ನೂ ಕೊಡಬಾರದು. ಮಗುವಿನ ಹೆಸರನ್ನಾಗಲಿ ಗುರುತನ್ನಾಗಲಿ ಸಭೆಯಲ್ಲಿ, ನಡಾವಳಿ ಪುಸ್ತಕದಲ್ಲಿ ಅಥವಾ ಮೊಬೈಲ್ ಗುಂಪುಗಳಲ್ಲಿ ಬಹಿರಂಗಪಡಿಸಕೂಡದು.

(ಈ) ಭಾರತವು 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯು, ಶಾಲಾ ಶಿಸ್ತು ಮಗುವಿನ ಮಾನವ ಘನತೆಗೆ ಹೊಂದಿಕೊಂಡಿರಬೇಕೆಂದು 28ನೆಯ ಅನುಚ್ಛೇದದಲ್ಲಿಯೂ, ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳಲು ಮಗುವಿಗೆ ಹಕ್ಕಿದೆಯೆಂದು 12ನೆಯ ಅನುಚ್ಛೇದದಲ್ಲಿಯೂ ತಿಳಿಸುತ್ತದೆ. ಶಿಸ್ತು ಮತ್ತು ಮಾತು ಎರಡನ್ನೂ ಒಂದೇ ಒಡಂಬಡಿಕೆ ಎತ್ತಿ ಹಿಡಿದಿರುವುದು ಗಮನಾರ್ಹ.

5. ಶಿಕ್ಷಕರ ಪಕ್ಷ

ಶಿಕ್ಷೆ ಕೂಡದೆಂದು ಹೇಳಿ ಸುಮ್ಮನಾದರೆ ಶಿಕ್ಷಕರಿಗೆ ಅನ್ಯಾಯವಾಗುತ್ತದೆ. ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡಬೇಕಾದ ಶಾಲೆಗಳು ಗ್ರಾಮಾಂತರ ಪ್ರದೇಶದಲ್ಲಿ ಹಲವಿವೆ. ಬಿಸಿಯೂಟದ ಲೆಕ್ಕ, ಇಲಾಖೆಯ ಮಾಹಿತಿ, ಗಣತಿ ಹಾಗೂ ಚುನಾವಣೆಯ ಕೆಲಸಗಳ ನಡುವೆ ತಾಳ್ಮೆ ಉಳಿಸಿಕೊಳ್ಳುವುದು ಸುಲಭವಲ್ಲ. ಸಹಪಾಠಿಗೆ ಹೊಡೆಯುವ, ಚಿಕ್ಕವರನ್ನು ಪೀಡಿಸುವ, ಪಾಠಕ್ಕೆ ಅಡ್ಡಿ ಮಾಡುವ ಮಕ್ಕಳೂ ಇರುತ್ತಾರೆ. ಅವರನ್ನು ತಿದ್ದುವ ಹೊಣೆಯಿಂದ ಶಾಲೆ ಹಿಂಜರಿಯುವಂತಿಲ್ಲ.

ಬೆತ್ತದ ಬದಲಿಗೆ ಅನುಸರಿಸಬಹುದಾದ ಕ್ರಮಗಳು ಹೀಗಿವೆ. ವರ್ಷದ ಆರಂಭದಲ್ಲಿ ಮಕ್ಕಳೊಡನೆ ಚರ್ಚಿಸಿ ಐದಾರು ನಿಯಮಗಳನ್ನು ಬರೆದು ತರಗತಿಯಲ್ಲಿ ತೂಗುಹಾಕುವುದು. ಮಕ್ಕಳೇ ಒಪ್ಪಿದ ನಿಯಮವನ್ನು ಮಕ್ಕಳೇ ನೆನಪಿಸುತ್ತಾರೆ. ತಪ್ಪು ಮಾಡಿದ ಮಗುವನ್ನು ಎಲ್ಲರೆದುರು ಬಯ್ಯದೆ ಪ್ರತ್ಯೇಕವಾಗಿ ಕರೆದು ಕೇಳುವುದು. ಹಾಳುಮಾಡಿದ್ದನ್ನು ಸರಿಪಡಿಸುವ, ನೋಯಿಸಿದವರಲ್ಲಿ ಕ್ಷಮೆ ಕೇಳುವ ಅವಕಾಶ ಕೊಡುವುದು. ತಪ್ಪು ಮರುಕಳಿಸಿದರೆ ಪೋಷಕರನ್ನು ಕರೆಸಿ, ದೂರು ಹೇಳುವುದಕ್ಕಿಂತ ಹೆಚ್ಚಾಗಿ ಮನೆಯ ಪರಿಸ್ಥಿತಿಯನ್ನು ತಿಳಿಯುವುದು. ಹಸಿವು, ನಿದ್ರೆಗೇಡು, ಮನೆಯಲ್ಲಿ ಕುಡಿತ, ದೃಷ್ಟಿ ಅಥವಾ ಶ್ರವಣ ದೋಷ ಇವು ಎಷ್ಟೋ ಸಲ 'ತುಂಟತನ'ದ ರೂಪದಲ್ಲಿ ಕಾಣಿಸಿಕೊಳ್ಳುತ್ತವೆ.

ಇದರಲ್ಲಿ ಪಂಚಾಯಿತಿಯ ಪಾಲೂ ಇದೆ. ಶಿಕ್ಷಕರ ಕೊರತೆಯಿದ್ದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ನಿರ್ಣಯ ಕಳುಹಿಸುವುದು, ಕಣ್ಣು ಕಿವಿ ತಪಾಸಣೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ನೆರವು ಕೊಡಿಸುವುದು, ಶಿಕ್ಷಕರನ್ನು ಪದೇ ಪದೇ ಪಂಚಾಯಿತಿ ಕೆಲಸಕ್ಕೆ ಕರೆಯದಿರುವುದು ಸದಸ್ಯರ ಕೈಯಲ್ಲಿದೆ. ಸದಸ್ಯರು ತಾವೇ ತರಗತಿಗೆ ನುಗ್ಗಿ ಮಕ್ಕಳೆದುರು ಶಿಕ್ಷಕರನ್ನು ಗದರಿಸುವುದೂ ಅಶಿಸ್ತೇ. ಶಿಕ್ಷಕರ ಮೇಲಿನ ದೂರನ್ನು ವಿಚಾರಿಸಲು ಕ್ರಮಬದ್ಧ ದಾರಿಗಳಿವೆ.

6. ಅಭ್ಯಾಸದಿಂದ ಬರುವ ಶಿಸ್ತು

ಶಿಸ್ತಿನ ನಿಜವಾದ ಪರೀಕ್ಷೆ ನಡೆಯುವುದು ಆಪತ್ತಿನ ಹೊತ್ತಿನಲ್ಲಿ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರ ಅಡುಗೆ ಕೋಣೆಯಲ್ಲಿ ಹೊತ್ತಿಕೊಂಡ ಬೆಂಕಿ ತೆಂಗಿನ ಗರಿಯ ಚಾವಣಿಗೆ ಹಬ್ಬಿ 94 ಮಕ್ಕಳು ಬಲಿಯಾದರು. ಇಕ್ಕಟ್ಟಾದ ಮೆಟ್ಟಿಲು, ಸುಡುವ ಚಾವಣಿ, ತರಗತಿಗಳ ಪಕ್ಕದಲ್ಲಿಯೇ ಒಲೆ ಇವೆಲ್ಲವೂ ಒಂದೇ ಕಟ್ಟಡದಲ್ಲಿದ್ದವು. ಈ ದುರಂತದ ಹಿನ್ನೆಲೆಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರ ಏಪ್ರಿಲಿನಲ್ಲಿ ತೀರ್ಪು ನೀಡಿ, ಸುರಕ್ಷಿತ ಶಾಲೆಯಲ್ಲಿ ಕಲಿಯುವುದು ಶಿಕ್ಷಣದ ಹಕ್ಕಿನ ಭಾಗವೇ ಆಗಿದೆಯೆಂದು ಎತ್ತಿಹಿಡಿಯಿತು; ಅಗ್ನಿಶಾಮಕ ಸಾಧನ, ಸಿಬ್ಬಂದಿಗೆ ತರಬೇತಿ ಮತ್ತು ಕಟ್ಟಡ ಸಂಹಿತೆಯ ಪಾಲನೆ ಕುರಿತು ನಿರ್ದೇಶನಗಳನ್ನು ನೀಡಿತು.

ಇನ್ನೊಂದು ಬಗೆಯ ಆಪತ್ತನ್ನು ಬೆಂಗಳೂರು ನೋಡಿದೆ. 2023ರ ಡಿಸೆಂಬರ್ 1ರ ಬೆಳಿಗ್ಗೆ ನಗರ ಮತ್ತು ಸುತ್ತಮುತ್ತಲಿನ 40ಕ್ಕೂ ಹೆಚ್ಚು ಖಾಸಗಿ ಶಾಲೆಗಳಿಗೆ ಬಾಂಬ್ ಬೆದರಿಕೆಯ ಇ-ಮೇಲ್ ಬಂದಿತು. ಮಕ್ಕಳನ್ನು ಹೊರಗೆ ಕರೆತರಲಾಯಿತು, ಪೋಷಕರು ಗಾಬರಿಯಿಂದ ಶಾಲೆಗಳತ್ತ ಧಾವಿಸಿದರು, ಪೊಲೀಸರು ತಪಾಸಣೆ ನಡೆಸಿದರು. ಬೆದರಿಕೆ ಹುಸಿಯೆಂದು ತಿಳಿಯಿತು. ಹುಸಿಯಾದರೂ ಅದು ಪ್ರತಿಯೊಂದು ಶಾಲೆಗೂ ಒಂದು ಪ್ರಶ್ನೆಯನ್ನು ಉಳಿಸಿಹೋಗಿದೆ. ಇದ್ದಕ್ಕಿದ್ದಂತೆ ಶಾಲೆಯನ್ನು ಖಾಲಿ ಮಾಡಬೇಕಾಗಿ ಬಂದರೆ ಮಕ್ಕಳು ಎಲ್ಲಿ ಸೇರಬೇಕು? ಅವರನ್ನು ಎಣಿಸುವವರು ಯಾರು? ನಡೆಯಲಾಗದ ಮಗುವನ್ನು ಕೈಹಿಡಿದು ತರುವವರು ಯಾರು? ಯಾವ ಮಗುವನ್ನು ಯಾರ ವಶಕ್ಕೆ ಒಪ್ಪಿಸಲಾಯಿತೆಂದು ಬರೆದುಕೊಳ್ಳುವವರು ಯಾರು?

ಈ ಪ್ರಶ್ನೆಗಳಿಗೆ ಉತ್ತರವನ್ನು ಮೊದಲೇ ಅಭ್ಯಾಸ ಮಾಡಿಸಬೇಕು. ತಿಂಗಳಿಗೊಮ್ಮೆ ಉದ್ದನೆಯ ಗಂಟೆ ಬಾರಿಸಿ, ಮಕ್ಕಳು ಚೀಲ ಬಿಟ್ಟು ಸಾಲಾಗಿ ಮೈದಾನಕ್ಕೆ ಬಂದು, ಹಾಜರಿ ಪುಸ್ತಕ ಹಿಡಿದು ಎಣಿಸುವ ಕ್ರಮಕ್ಕೆ ಹತ್ತು ನಿಮಿಷ ಸಾಕು. ದೊಡ್ಡ ತರಗತಿಯ ಮಗುವೊಂದು ಚಿಕ್ಕ ತರಗತಿಯ ಮಗುವಿನ ಜೊತೆಗಾರನಾಗಿರಲಿ. ಹೀಗೆ ಕಲಿತ ಶಿಸ್ತಿನಲ್ಲಿ ಭಯವಿರುವುದಿಲ್ಲ, ಜವಾಬ್ದಾರಿ ಇರುತ್ತದೆ.

7. ಪಂಚಾಯಿತಿಯ ಕೈಯಲ್ಲಿರುವ ಸಾಧನಗಳು

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್.ಡಿ.ಎಂ.ಸಿ.): ರಾಜ್ಯದಲ್ಲಿ 2001ರಿಂದ ಈ ಸಮಿತಿಗಳು ಕಾರ್ಯನಿರ್ವಹಿಸುತ್ತಿವೆ. ಶಿಕ್ಷಣ ಹಕ್ಕು ಅಧಿನಿಯಮದಂತೆ ಶಾಲಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪೋಷಕರಾಗಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಾಗಿರಬೇಕು. ಸಮಿತಿಯ ಪ್ರತಿ ಸಭೆಯಲ್ಲಿ 'ಮಕ್ಕಳ ಸುರಕ್ಷತೆ' ಎಂಬುದು ಒಂದು ಖಾಯಂ ವಿಷಯವಾಗಿರುವಂತೆ ಸದಸ್ಯರು ನೋಡಿಕೊಳ್ಳಬೇಕು.

ಸ್ಥಾಯಿ ಸಮಿತಿ: ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಅಡಿಯಲ್ಲಿ ಗ್ರಾಮ ಪಂಚಾಯಿತಿಯಲ್ಲಿ ಸ್ಥಾಯಿ ಸಮಿತಿಗಳು ರಚನೆಯಾಗುತ್ತವೆ. ಶಾಲಾ ಭೇಟಿಯ ವರದಿಯನ್ನು ಸಂಬಂಧಪಟ್ಟ ಸಮಿತಿಯ ಮುಂದಿಟ್ಟು, ಅಲ್ಲಿಂದ ಪಂಚಾಯಿತಿಯ ಕ್ರಿಯಾಯೋಜನೆಗೆ ಸೇರಿಸುವುದು ಸರಿಯಾದ ಮಾರ್ಗ. ಉದ್ಯೋಗ ಖಾತರಿ ಯೋಜನೆಯ ಅಡಿಯಲ್ಲಿ ಅನೇಕ ಪಂಚಾಯಿತಿಗಳು ಶಾಲೆಗಳಿಗೆ ಕಾಂಪೌಂಡ್, ಆಟದ ಮೈದಾನ, ಶೌಚಾಲಯಗಳನ್ನು ನಿರ್ಮಿಸಿಕೊಟ್ಟಿವೆ.

ಮಕ್ಕಳ ಗ್ರಾಮ ಸಭೆ: ವೇದಿಕೆಯ ಮೇಲೆ ಹಿರಿಯರ ಭಾಷಣ, ಕೆಳಗೆ ಮಕ್ಕಳ ಚಪ್ಪಾಳೆ, ಕೊನೆಯಲ್ಲಿ ಸಿಹಿ ಹಂಚಿಕೆ ಎಂಬಷ್ಟಕ್ಕೆ ಈ ಸಭೆ ಮುಗಿಯಬಾರದು. ಮಕ್ಕಳು ಎತ್ತಿದ ಪ್ರತಿಯೊಂದು ಪ್ರಶ್ನೆಯನ್ನು ಬರೆದುಕೊಂಡು, ಕೈಗೊಂಡ ಕ್ರಮವನ್ನು ಮುಂದಿನ ಸಭೆಯಲ್ಲಿ ಮಕ್ಕಳಿಗೇ ಓದಿ ಹೇಳಬೇಕು. ಉತ್ತರ ಸಿಗದ ಮಗು ಮುಂದಿನ ಸಲ ಪ್ರಶ್ನೆ ಕೇಳುವುದಿಲ್ಲ.

ದೂರು ಪೆಟ್ಟಿಗೆ: ಹಲವು ಶಾಲೆಗಳಲ್ಲಿ ಪೆಟ್ಟಿಗೆಯೇನೋ ಇದೆ, ಆದರೆ ಅದರ ಬೀಗದ ಕೈ ಮುಖ್ಯ ಶಿಕ್ಷಕರ ಮೇಜಿನಲ್ಲಿರುತ್ತದೆ. ಯಾರ ಮೇಲೆ ದೂರು ಬರಬಹುದೋ ಅವರೇ ಪೆಟ್ಟಿಗೆ ತೆರೆಯುವಂತಿದ್ದರೆ ಅದು ಖಾಲಿಯಾಗಿಯೇ ಉಳಿಯುತ್ತದೆ. ಎಸ್.ಡಿ.ಎಂ.ಸಿ.ಯ ತಾಯಿಯೊಬ್ಬರು ಮತ್ತು ಪಂಚಾಯಿತಿಯ ಮಹಿಳಾ ಸದಸ್ಯರೊಬ್ಬರು ನಿಗದಿತ ದಿನ ಒಟ್ಟಾಗಿ ತೆರೆಯುವ ವ್ಯವಸ್ಥೆ ಉತ್ತಮ.

ಅಂಗಡಿಗಳ ಪರವಾನಗಿ: 2003ರ ತಂಬಾಕು ನಿಯಂತ್ರಣ ಕಾನೂನು ಶಿಕ್ಷಣ ಸಂಸ್ಥೆಯ ಸಮೀಪದಲ್ಲಿ ತಂಬಾಕು ಪದಾರ್ಥಗಳ ಮಾರಾಟವನ್ನು ನಿಷೇಧಿಸಿದೆ. ಶಾಲೆಯ ಗೇಟಿನೆದುರಿನ ಪೆಟ್ಟಿಗೆ ಅಂಗಡಿಯಲ್ಲಿ ಗುಟ್ಕಾ ಪೊಟ್ಟಣಗಳ ಸರ ತೂಗುತ್ತಿದ್ದರೆ ಅದನ್ನು ತೆಗೆಸಲು ಪಂಚಾಯಿತಿ ಹಿಂಜರಿಯಬೇಕಾಗಿಲ್ಲ.

8. ಶಾಲಾ ಭೇಟಿಯಲ್ಲಿ ಗಮನಿಸಬೇಕಾದವು

ಭೇಟಿಯನ್ನು ಮಗು ನಡೆದು ಬರುವ ದಾರಿಯಿಂದಲೇ ಆರಂಭಿಸುವುದು ಒಳ್ಳೆಯದು.

ದಾರಿ: ಮಕ್ಕಳು ಹೆದ್ದಾರಿ, ಹಳ್ಳ ಅಥವಾ ರೈಲು ಹಳಿ ದಾಟುತ್ತಾರೆಯೇ? ಆಟೊದಲ್ಲಿ ಮಿತಿಮೀರಿ ತುಂಬಿಸಲಾಗುತ್ತಿದೆಯೇ? ಶಾಲೆಯ ಮುಂದೆ ರಸ್ತೆ ಉಬ್ಬು ಮತ್ತು ಸೂಚನಾ ಫಲಕ ಇವೆಯೇ?

ಆವರಣ: ಸಂಪಿನ ಮುಚ್ಚಳ ಭದ್ರವಾಗಿದೆಯೇ? ಶೌಚಗುಂಡಿಯ ಚಪ್ಪಡಿ ಒಡೆದಿದೆಯೇ? ಜೋತುಬಿದ್ದ ವಿದ್ಯುತ್ ತಂತಿ, ಒಣಗಿದ ಮರದ ಕೊಂಬೆ, ಹಾವು ಸೇರುವ ಕಲ್ಲುರಾಶಿ ಇವೆಯೇ?

ಕಟ್ಟಡ: ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯಂತಹ ಹಳೆಯ ಕಟ್ಟಡಗಳು ಶತಮಾನ ದಾಟಿಯೂ ನಿಂತಿವೆ, ಕಾಲು ಶತಮಾನ ತುಂಬದ ಕೊಠಡಿಗಳು ಮಳೆಗೆ ಸೋರಿ ಕಂಬಿ ಕಾಣುವಂತಾದದ್ದೂ ಉಂಟು. ವಯಸ್ಸಿನ ಮೇಲೆ ತೀರ್ಮಾನಿಸದೆ ಪರಿಶೀಲನೆಯ ಮೇಲೆ ತೀರ್ಮಾನಿಸಬೇಕು. ಶಿಥಿಲ ಕೊಠಡಿಯೆಂದು ಎಂಜಿನಿಯರರು ವರದಿ ಕೊಟ್ಟ ಮೇಲೆ, ಕೆಡವಲು ಅನುಮತಿ ಬರುವವರೆಗೆ ಅದಕ್ಕೆ ಬೀಗ ಹಾಕಿ ಸುತ್ತ ಬೇಲಿ ಕಟ್ಟಬೇಕು. ಅದರ ನೆರಳಿನಲ್ಲಿ ಮಕ್ಕಳು ಆಡಲು ಬಿಡಬಾರದು.

ಶೌಚಾಲಯ: ಹುಡುಗಿಯರಿಗೆ ಪ್ರತ್ಯೇಕವಾಗಿದೆಯೇ? ಒಳಗಿನ ಚಿಲಕ, ನೀರು, ಬೆಳಕು ಸರಿಯಾಗಿವೆಯೇ? ಬೀಗ ಹಾಕಿ ಕೈ ಬೇರೆಲ್ಲೋ ಇಡಲಾಗಿದೆಯೇ? ಸ್ವಚ್ಛತೆಗೆ ಯಾರನ್ನು ನೇಮಿಸಲಾಗಿದೆ?

ಅಡುಗೆ ಕೋಣೆ: ಸಿಲಿಂಡರ್ ಮತ್ತು ಒಲೆ ಮಕ್ಕಳಿಂದ ದೂರವಿವೆಯೇ? ಕೀಟನಾಶಕ, ಫಿನಾಯಿಲ್ ದಿನಸಿಯ ಪಕ್ಕದಲ್ಲಿ ಇಲ್ಲವಷ್ಟೆ? ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಿ ಪುಸ್ತಕದಲ್ಲಿ ಸಹಿ ಮಾಡಿದ್ದಾರೆಯೇ?

ಗೋಡೆ: ಮಕ್ಕಳ ಸಹಾಯವಾಣಿ 1098, ತುರ್ತು ಸೇವೆ 112, ಆಂಬುಲೆನ್ಸ್ 108 ಸಂಖ್ಯೆಗಳನ್ನು ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆಸಲಾಗಿದೆಯೇ?

ಕೊನೆಯದಾಗಿ, ಯಾವುದಾದರೂ ಒಂದು ಮಗುವನ್ನು ಹತ್ತಿರ ಕರೆದು 'ನಿನಗೆ ಶಾಲೆಯಲ್ಲಿ ಹೋಗಲು ಹೆದರಿಕೆಯಾಗುವ ಜಾಗ ಯಾವುದು?' ಎಂದು ಕೇಳಬೇಕು. ಮೇಲಿನ ಎಲ್ಲ ಪ್ರಶ್ನೆಗಳಿಂದ ತಿಳಿಯದ ಸಂಗತಿ ಈ ಒಂದು ಪ್ರಶ್ನೆಯಿಂದ ತಿಳಿಯಬಹುದು.

9. ಚರ್ಚೆಗೊಂದು ಪ್ರಸಂಗ

ಕೆಳಗಿನದು ಅಭ್ಯಾಸಕ್ಕಾಗಿ ಕಲ್ಪಿಸಿದ ಪ್ರಸಂಗ. ಇದನ್ನು ಸಭೆಯಲ್ಲಿ ಓದಿ ಚರ್ಚಿಸಬಹುದು.

ಒಂದು ಗ್ರಾಮದ ಹಿರಿಯ ಪ್ರಾಥಮಿಕ ಶಾಲೆಯ ಏಳನೆಯ ತರಗತಿಯ ಹುಡುಗಿ ಮಧ್ಯಾಹ್ನದ ಊಟದ ನಂತರ ಪ್ರತಿದಿನ ತಡವಾಗಿ ತರಗತಿಗೆ ಬರುತ್ತಿದ್ದಳು. ಶಿಕ್ಷಕರು ಮೂರು ಸಲ ಎಚ್ಚರಿಸಿ, ನಾಲ್ಕನೆಯ ಸಲ ಹೊರಗೆ ಬಿಸಿಲಿನಲ್ಲಿ ನಿಲ್ಲಿಸಿದರು. ಎರಡು ವಾರಗಳ ನಂತರ ಅವಳು ಶಾಲೆಗೆ ಬರುವುದನ್ನೇ ನಿಲ್ಲಿಸಿದಳು. ಮನೆಯವರು 'ಅವಳಿಗೆ ಓದು ಹತ್ತುವುದಿಲ್ಲ, ಮದುವೆ ವಯಸ್ಸಿನವರೆಗೆ ಮನೆಯಲ್ಲಿರಲಿ' ಎಂದರು. ಶಾಲಾ ದಾಖಲೆಯಲ್ಲಿ 'ಅನಿಯಮಿತ ಹಾಜರಾತಿ' ಎಂದು ಬರೆಯಲಾಯಿತು. ಮಕ್ಕಳ ಗ್ರಾಮ ಸಭೆಯಲ್ಲಿ ಅವಳ ಗೆಳತಿಯೊಬ್ಬಳು ಎದ್ದು ನಿಂತು ಹೇಳಿದಳು: 'ಶಾಲೆಯ ಶೌಚಾಲಯಕ್ಕೆ ಚಿಲಕವಿಲ್ಲ. ಹಿಂದಿನ ಗೋಡೆ ಬಿದ್ದಿದೆ, ಹೊರಗಿನವರು ಬಂದು ಕೂರುತ್ತಾರೆ. ಅದಕ್ಕೆ ಅವಳು ಮನೆಗೆ ಹೋಗಿ ಬರುತ್ತಿದ್ದಳು.'

ಇಲ್ಲಿ ಶಿಕ್ಷಕರು ಕಂಡದ್ದು ಅಶಿಸ್ತು. ಅದರ ಹಿಂದಿದ್ದದ್ದು ಅಸುರಕ್ಷತೆ. 'ಏಕೆ ತಡವಾಯಿತು?' ಎಂದು ಪ್ರತ್ಯೇಕವಾಗಿ ಕರೆದು ಕೇಳಿದ್ದರೆ ಒಂದು ಚಿಲಕ ಮತ್ತು ನಾಲ್ಕು ಅಡಿ ಗೋಡೆಯಿಂದ ಮುಗಿಯುತ್ತಿದ್ದ ಕೆಲಸವು ಒಂದು ಮಗುವಿನ ವಿದ್ಯಾಭ್ಯಾಸವನ್ನೇ ಕಸಿದುಕೊಂಡಿತು.

ಚರ್ಚೆಗೆ ಪ್ರಶ್ನೆಗಳು:

(1) ಈ ಪ್ರಸಂಗದಲ್ಲಿ ಶಿಕ್ಷಕರು, ಎಸ್.ಡಿ.ಎಂ.ಸಿ., ವಾರ್ಡಿನ ಸದಸ್ಯರು ಇವರಲ್ಲಿ ಯಾರು ಯಾವ ಹಂತದಲ್ಲಿ ತಡೆಯಬಹುದಾಗಿತ್ತು?

(2) ಹುಡುಗಿಯನ್ನು ಮರಳಿ ಶಾಲೆಗೆ ಕರೆತರಲು ಪಂಚಾಯಿತಿ ಈ ವಾರವೇ ಮಾಡಬಹುದಾದ ಕೆಲಸಗಳು ಯಾವುವು?

(3) ಸಭೆಯಲ್ಲಿ ಧೈರ್ಯದಿಂದ ಮಾತನಾಡಿದ ಗೆಳತಿಗೆ ನಾಳೆ ತೊಂದರೆಯಾಗದಂತೆ ಯಾರು ನೋಡಿಕೊಳ್ಳಬೇಕು?

(4) ನಿಮ್ಮ ವ್ಯಾಪ್ತಿಯ ಶಾಲೆಗಳಲ್ಲಿ ಕಳೆದ ಒಂದು ವರ್ಷದಲ್ಲಿ ಶಾಲೆ ಬಿಟ್ಟ ಮಕ್ಕಳೆಷ್ಟು? ಅವರಲ್ಲಿ ಎಷ್ಟು ಮಂದಿಯನ್ನು ಕಾರಣ ಕೇಳಲಾಗಿದೆ?

10. ಮುಂದಿನ ಸಭೆಯೊಳಗೆ ಮಾಡಬೇಕಾದ ಕೆಲಸ

ಪ್ರತಿಯೊಬ್ಬ ಸದಸ್ಯರೂ ತಮ್ಮ ವಾರ್ಡಿನ ಶಾಲೆಗೆ ಮುಖ್ಯ ಶಿಕ್ಷಕರಿಗೆ ಮೊದಲೇ ತಿಳಿಸಿ ಒಂದು ಭೇಟಿ ನೀಡುವುದು. 8ನೆಯ ಭಾಗದ ಅಂಶಗಳನ್ನು ಪರಿಶೀಲಿಸಿ ಒಂದು ಪುಟದ ಟಿಪ್ಪಣಿ ಸಿದ್ಧಪಡಿಸುವುದು. ಹಣವಿಲ್ಲದೆ ತಕ್ಷಣ ಆಗಬಹುದಾದ ಕೆಲಸ, ಪಂಚಾಯಿತಿ ನಿಧಿಯಿಂದ ಆಗಬೇಕಾದ ಕೆಲಸ, ಮೇಲಿನ ಕಚೇರಿಗೆ ಬರೆಯಬೇಕಾದ ಕೆಲಸ ಎಂದು ಮೂರಾಗಿ ವಿಂಗಡಿಸುವುದು. ಟಿಪ್ಪಣಿಗಳನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ ಮೂಲಕ ಸಂಬಂಧಪಟ್ಟ ಸ್ಥಾಯಿ ಸಮಿತಿಯ ಮುಂದೆ ಮಂಡಿಸತಕ್ಕದ್ದು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಶಿಸ್ತಿನ ಸಂದರ್ಭದಲ್ಲಿ ಮತ್ತೆ ಮತ್ತೆ ಹೇಳಲಾಗುತ್ತದೆ. ಗಿಡವನ್ನು ಬಗ್ಗಿಸುವ ಮೊದಲು ಅದಕ್ಕೆ ಬೇಲಿ ಕಟ್ಟಿ ನೀರೆರೆಯುವುದು ರೈತರೆಲ್ಲರಿಗೂ ತಿಳಿದ ಕ್ರಮ. 1935ರಲ್ಲಿ ಹೊಸೂರಿನಿಂದ ನಡೆದು ಬಂದ ಹುಡುಗನಿಗೆ ಬಸವನಗುಡಿಯ ಶಾಲೆಯ ಬಾಗಿಲು ತೆರೆದಿತ್ತು. ಇಂದು ಪ್ರತಿ ಗ್ರಾಮದಲ್ಲಿಯೂ ಶಾಲೆಯತ್ತ ನಡೆದು ಬರುತ್ತಿರುವ ಮಗುವಿಗೆ ಹೆದರಿಕೆಯಿಲ್ಲದ ಬಾಗಿಲನ್ನು ತೆರೆದಿಡುವುದು ಗ್ರಾಮ ಪಂಚಾಯಿತಿಯ ಕರ್ತವ್ಯವಾಗಿದೆ.